ಪ್ರೆಸ್ ಪಾಸ್ ಒಂದು ಬಿಟ್ಟು ಎಲ್ಲಾ ಸಿಕ್ಕಿತು

ನಾನು ಪ್ರೆಸ್ ಪಾಸ್ ಕೇಳಲು ಹೋದೆನೆಂದರೆ ಅಲ್ಲಿ ಏನಾದರೊಂದು ಆಗಿಯೇ ಆಗುತ್ತದೆ. ನಾಲ್ಕು ತಾಲ್ಲೂಕಿನ ಹೋರಿ ಸ್ಪರ್ಧೆಯ ಕಮಿಟಿಗಳಿಂದ ಇದುವರೆಗೆ ನಮಗೆ ಚಹಾ ಸಿಕ್ಕಿದೆ, ಮಂಡಕ್ಕಿ ಮಿರ್ಚಿ ಸಿಕ್ಕಿದೆ, ಒಂದು ಸ್ಟೀಲ್ ಕೊಡ ಸಿಕ್ಕಿದೆ, ಹಿಡಿದುಕೊಂಡು ನಿಲ್ಲಲು ಒಂದು ಹಗ್ಗವೂ ಸಿಕ್ಕಿದೆ. ಪಾಸಿನ ಕಥೆ ಮಾತ್ರ ಬೇರೆ.

ನಾವು ಎಂದರೆ ನಾನು ಮತ್ತು ನಮ್ಮ ಕಾಕಾ. ಹಾನಗಲ್ಲಿನಲ್ಲಿ ಕಾಕಾನದೊಂದು ಹಿಟ್ಟಿನ ಗಿರಣಿ ಇದೆ. ದೀಪಾವಳಿ ಮುಗಿದು ಹೋರಿ ಬೆದರಿಸುವ ಸ್ಪರ್ಧೆಗಳು ಶುರುವಾದವೆಂದರೆ ಆ ಗಿರಣಿ ಇರುವುದನ್ನೇ ಮರೆತುಬಿಡುವ ಮನುಷ್ಯ ಅವನು. ಕೊರಳಿಗೆ ಕೊಬ್ಬರಿ ಸರ ಕಟ್ಟಿದ ಹೋರಿಯನ್ನು ಅಖಾಡಕ್ಕೆ ಬಿಡುತ್ತಾರೆ, ಪೈಲ್ವಾನರು ಮೇಲೆ ಬಿದ್ದು ಕೊಬ್ಬರಿ ಹರಿಯಲು ನೋಡುತ್ತಾರೆ, ಹೋರಿ ಯಾರ ಕೈಗೂ ಸಿಗದೆ ದಾಟಿಹೋದರೆ ಊರಿಗೆ ಊರೇ ಕುಣಿಯುತ್ತದೆ. ಆಟ ಇಷ್ಟೇ. ಆದರೆ ನಮ್ಮ ಕಡೆ ಹೋರಿಗೊಂದು ಹೆಸರು, ಹೆಸರಿಗೊಂದು ಫ್ಲೆಕ್ಸು, ಫ್ಲೆಕ್ಸಿನ ಕೆಳಗೆ ಅಭಿಮಾನಿ ಬಳಗ, ಬಳಗಕ್ಕೆಲ್ಲ ಒಂದೇ ಬಣ್ಣದ ಟೀಶರ್ಟು. ಇದಕ್ಕೆಲ್ಲ ಒಂದು ವೆಬ್‌ಸೈಟ್ ಬೇಡವೇ ಎಂದು ಕಾಕಾನಿಗೆ ಅನಿಸಿತು. ಹಾಗೆ ಹುಟ್ಟಿದ್ದು ‘ನಮ್ಮ ಅಖಾಡ’. ವಿಡಿಯೊ ಅವನದು, ವರದಿ ನನ್ನದು. ಗಿರಣಿಯ ಸಪ್ಪಳದಲ್ಲಿ ಕೂಗಿ ಕೂಗಿ ಅವನ ದನಿ ಎರಡು ಓಣಿ ದಾಟುತ್ತದೆ. ನನ್ನ ದನಿ ಎದುರಿಗೆ ಕುಳಿತವರಿಗೂ ಮುಟ್ಟುವುದಿಲ್ಲ.

ತೊಂದರೆ ಏನೆಂದರೆ, ಹೆಣ್ಣುಮಕ್ಕಳು ಸ್ಪರ್ಧೆ ನೋಡುವುದು ಮಾಳಿಗೆಯ ಮೇಲಿಂದ. ಅಲ್ಲಿಂದ ಕಾಣುವುದು ಧೂಳು, ರುಮಾಲು, ಬಲೂನು. ಕಾಕಾನ ವಿಡಿಯೊ ನೋಡೋಣವೆಂದರೆ ಹೋರಿ ಬಂದ ಕೂಡಲೇ ಅವನೇ ಕುಣಿಯತೊಡಗುತ್ತಾನೆ, ವಿಡಿಯೊದಲ್ಲಿ ಬರೀ ಆಕಾಶ. ಎರಡು ವರ್ಷ ನಾನು ಧೂಳು ಮತ್ತು ಆಕಾಶ ನೋಡಿ ವರದಿ ಬರೆದಿದ್ದೇನೆ. ಕೆಳಗೆ, ಅಖಾಡದ ಬದಿಗೆ, ಪೈಲ್ವಾನನೂ ಅಲ್ಲದ ಮಾಲೀಕನೂ ಅಲ್ಲದ ಮನುಷ್ಯರು ನಿಲ್ಲಬಹುದಾದ ಜಾಗ ಒಂದೇ, ಪ್ರೆಸ್ ಗ್ಯಾಲರಿ. ಅಲ್ಲಿ ಹೆಣ್ಣುಮಕ್ಕಳು ನಿಲ್ಲಬಾರದೆಂದು ಯಾರೂ ನಿಯಮ ಮಾಡಿಲ್ಲ. ಕೇಳಿದವರು ಇದ್ದರೆ ತಾನೇ ನಿಯಮ ಮಾಡುವುದು. ಒಂದೇ ಒಂದು ಸಲ, ಓಡುವ ಹೋರಿಯ ಕಣ್ಣು ಕಾಣುವಷ್ಟು ಹತ್ತಿರ ನಿಲ್ಲಬೇಕು ಎಂಬುದು ನನ್ನ ಆಸೆ. ಅದಕ್ಕೆ ಬೇಕಾದದ್ದು ಕೊರಳಿಗೆ ಹಾಕಿಕೊಳ್ಳುವ ಒಂದು ಕಾಗದದ ಚೂರು.

ರಜೆ ಮಂಜೂರು

ನಾನು ಓದಿದ್ದು ಇಂಗ್ಲಿಷ್ ಮೀಡಿಯಂನಲ್ಲಿ. ಅಷ್ಟು ವರ್ಷದ ಓದಿನಲ್ಲಿ ನನಗೆ ಚೆನ್ನಾಗಿ ಬರೆಯಲು ಕಲಿಸಿದ್ದು ಒಂದೇ ಅರ್ಜಿ, ರಜಾ ಅರ್ಜಿ. ಹೋದ ವರ್ಷ ಹಾನಗಲ್ಲಿನಲ್ಲಿ ಎರಡು ದಿನದ ದೊಡ್ಡ ಸ್ಪರ್ಧೆ ಇತ್ತು. ಪಾಸಿಗೆ ಅರ್ಜಿ ಬರೆಯಲು ಕುಳಿತಾಗ ನನ್ನ ಕೈ ತಾನಾಗಿಯೇ ಹಳೆಯ ದಾರಿ ಹಿಡಿಯಿತು. ಸ್ಪರ್ಧೆ ಇರುವ ಕಾರಣ ದಯಮಾಡಿ ಎರಡು ದಿನಗಳನ್ನು ಮಂಜೂರು ಮಾಡಬೇಕಾಗಿ ವಿನಂತಿ, ಇಂತಿ ತಮ್ಮ ವಿಧೇಯ ವಿದ್ಯಾರ್ಥಿನಿ ಎಂದು ಬರೆದೆ. ಕೆಳಗೆ ಎಡಗಡೆ ಗೆರೆ ಎಳೆದು ‘ಪಾಲಕರ ಸಹಿ’ ಎಂದೂ ಬರೆದೆ. ಅಪ್ಪ ಬಸ್ ಡ್ಯೂಟಿಯ ಮೇಲಿದ್ದ. ಕಾಕಾ ಓದದೆಯೇ ಸಹಿ ಹಾಕಿದ, ಗೆರೆಯ ಮೇಲೆ ಸಹಿಗಿಂತ ಜೋಳದ ಹಿಟ್ಟೇ ಹೆಚ್ಚಿತ್ತು.

ಕಮಿಟಿಯ ಕಾರ್ಯದರ್ಶಿಗಳು ನಿವೃತ್ತ ಹೆಡ್ಮಾಸ್ತರು. ನಿವೃತ್ತರಾದರೂ ಜೇಬಿನ ಕೆಂಪು ಪೆನ್ನನ್ನು ಬಿಟ್ಟಿರಲಿಲ್ಲ. ಅರ್ಜಿಯನ್ನು ಮೇಲಿಂದ ಕೆಳಗೆ ಓದಿ, ಪಾಲಕರು ಯಾರು ಎಂದು ಕೇಳಿದರು. ಕಾಕಾ ಕೈಕಟ್ಟಿ ಎದ್ದು ನಿಂತ. ಅವನೂ ಅವರ ವಿದ್ಯಾರ್ಥಿಯೇ. ಹೆಡ್ಮಾಸ್ತರು ಅವನನ್ನೊಮ್ಮೆ ನೋಡಿ, ಕೆಂಪು ಪೆನ್ನಿನಲ್ಲಿ ಏನೋ ಬರೆದು, ಸಹಿ ಹಾಕಿ, ತಾರೀಖು ಹಾಕಿ, ಮಡಚಿ ಕೊಟ್ಟರು. ಅಲ್ಲೇ ಬಿಚ್ಚಿ ಓದಲು ನನಗೆ ಸಂಕೋಚ, ಕಾಕಾನಿಗೆ ಹೆದರಿಕೆ. ಪಾಸ್ ಸಿಕ್ಕಿತೆಂದು ದಾರಿಯಲ್ಲಿ ಗಿರ್ಮಿಟ್ ತಿಂದು ಮನೆಗೆ ಬಂದೆವು.

ಸ್ಪರ್ಧೆಯ ದಿನ ಗೇಟಿನಲ್ಲಿದ್ದ ಸ್ವಯಂಸೇವಕ ಆ ಕಾಗದವನ್ನು ಎರಡು ಸಲ ಓದಿದ. ಇನ್ನೊಬ್ಬನನ್ನು ಕರೆದು ಓದಿಸಿದ. ಆಮೇಲೆ ಬಹಳ ಮರ್ಯಾದೆಯಿಂದ ನನ್ನ ಕೈಗೇ ವಾಪಸ್ ಕೊಟ್ಟ.

“ಅಕ್ಕಾರ, ನಿಮಗ ಎರಡ ದಿನ ರಜಾ ಮಂಜೂರ ಆಗೈತ್ರಿ. ಆರಾಮ ಮನ್ಯಾಗ ಇರ್ರಿ.”

ಎರಡು ಹಲ್ಲಿನ ಹೋರಿ

ಇನ್ನು ಅರ್ಜಿಗಿರ್ಜಿ ಬೇಡ, ಬಾಯಿಬಿಟ್ಟು ಕೇಳೋಣ ಎಂದು ಕಾಕಾ ತೀರ್ಮಾನಿಸಿದ. ಬಾಯಿ ಅವನದೇ ಆದ್ದರಿಂದ ನಾನು ಒಪ್ಪಿದೆ. ಈ ವರ್ಷದ ಮೊದಲ ಸ್ಪರ್ಧೆ ಶಿಗ್ಗಾವಿ ಕಡೆಯ ಒಂದು ಹಳ್ಳಿಯಲ್ಲಿತ್ತು. ಬೇವಿನ ಗಿಡದ ಕೆಳಗೆ ಮೇಜು, ಮೇಜಿನ ಮೇಲೊಂದು ರಿಜಿಸ್ಟರು, ಅದರ ಹಿಂದೆ ಒಬ್ಬ ಹಿರಿಯರು. ನೀವು ಯಾವ ಹೋರಿಯವರು ಎಂದು ಕೇಳಿದರು. ನಮ್ಮದು ಹೋರಿ ಇಲ್ಲ, ವೆಬ್‌ಸೈಟ್ ಇದೆ ಎಂದು ಕಾಕಾ ಹೇಳಿದ. ಅವರ ಮುಖ ಸಣ್ಣಗಾಯಿತು. “ಒಂದೂ ಇಲ್ಲೇನ್ರಿ?” ಎಂದು ಮಕ್ಕಳಿಲ್ಲದವರನ್ನು ಕೇಳುವ ಹಾಗೆ ಮೆಲ್ಲಗೆ ಕೇಳಿದರು.

ರಿಜಿಸ್ಟರಿನಲ್ಲಿ ಇದ್ದದ್ದು ನಾಲ್ಕೇ ಮನೆ: ಹೋರಿಯ ಹೆಸರು, ಮಾಲೀಕರು, ಬಣ್ಣ, ವಯಸ್ಸು ಹೇಳುವ ಹಲ್ಲು. ಪ್ರೆಸ್ಸಿನವರಿಗೆ ಮನೆ ಇರಲಿಲ್ಲ. ಆದರೆ ಅಷ್ಟು ದೂರದಿಂದ ಬಂದವರನ್ನು ಬರಿಗೈಯಲ್ಲಿ ಕಳಿಸುವ ಜನ ಅವರಲ್ಲ. ಹೆಸರು ಕೇಳಿದರು, ಕಾಕಾ ‘ನಮ್ಮ ಅಖಾಡ’ ಎಂದ. ಮಾಲೀಕರ ಜಾಗದಲ್ಲಿ ಕಾಕಾನ ಹೆಸರು ಬರೆದುಕೊಂಡರು. ಬಣ್ಣ ಯಾವುದೆಂದು ಕೇಳಿದಾಗ ಕಾಕಾ ನನ್ನ ಮುಖ ನೋಡಿದ, ನಾನು ವೆಬ್‌ಸೈಟಿನ ಪುಟ ನೆನೆಸಿಕೊಂಡು ಬಿಳಿ ಎಂದೆ. ಕೊನೆಗೆ ವಯಸ್ಸು ಕೇಳಿದರು. ಶುರುಮಾಡಿ ಎರಡು ವರ್ಷವಾಯಿತೆಂದು ಕಾಕಾ ಹೆಮ್ಮೆಯಿಂದ ಹೇಳಿದ. ಅವರು ‘ಎರಡು ಹಲ್ಲು’ ಎಂದು ಬರೆದುಕೊಂಡು, ನಂಬರಿನ ಚೀಟಿಯೊಂದನ್ನು ಕೊಟ್ಟರು.

ಅದೇ ಪಾಸೆಂದು ತಿಳಿದು ಗೇಟಿಗೆ ಹೋದೆವು. ಮಾಲೀಕರು ಒಬ್ಬರೇ ಒಳಗೆ ಎಂದರು. ಕಾಕಾ ಒಳಗೆ ಹೋದ, ನಾನು ಮತ್ತೆ ಮಾಳಿಗೆ ಹತ್ತಿದೆ. ಸ್ವಲ್ಪ ಹೊತ್ತಿಗೆ ಮೈಕಿನಲ್ಲಿ ಕಾಮೆಂಟರಿಯವನು ಕೂಗಿದ, ಈಗ ಬರುತ್ತಿದೆ ಹಾನಗಲ್ಲಿನ ಹೆಮ್ಮೆಯ ಹೊಸ ಹೋರಿ, ನಮ್ಮ ಅಖಾಡ. ಪಟಾಕಿ ಹೊಡೆದರು. ಪೈಲ್ವಾನರು ಬಗ್ಗಿ ನಿಂತರು. ಗೇಟು ತೆರೆಯಿತು. ಏನೂ ಬರಲಿಲ್ಲ.

ಸಾವಿರಾರು ಜನ ಆ ಖಾಲಿ ದಾರಿಯನ್ನೇ ನೋಡುತ್ತಿದ್ದರು. ಮೈಕು ಸುಮ್ಮನಿರುವುದು ಕಾಮೆಂಟರಿಯವನಿಗೆ ಸಹಿಸದು. “ಹೋತ ನೋಡ್ರಿ,” ಎಂದ. “ಕಣ್ಣಿಗೂ ಬೀಳಲಿಲ್ಲ, ಕೈಗೂ ಸಿಗಲಿಲ್ಲ.” ಅರ್ಧ ಜನ ಚಪ್ಪಾಳೆ ಹೊಡೆದರು. ಕೊಬ್ಬರಿ ಹರಿಯಗೊಡದ ಹೋರಿಗಳಿಗೆಲ್ಲ ಸಮಾಧಾನಕರ ಬಹುಮಾನ ಇಟ್ಟಿದ್ದರು. ಸಂಜೆ ಕಾಕಾ ಸ್ಟೀಲ್ ಕೊಡ ಹೊತ್ತು ಬಂದ. ಅವ್ವ ಈಗಲೂ ಕುಡಿಯುವ ನೀರನ್ನು ಅದರಲ್ಲೇ ತುಂಬುತ್ತಾಳೆ.

ಆದರೆ ನನಗೆ ಆ ದಿನ ನೆನಪಿರುವುದು ಮಾಳಿಗೆಯ ಮೇಲೆ ನನ್ನ ಪಕ್ಕ ಕುಳಿತಿದ್ದ ಆಯಿಯಿಂದ. ಜೋರಾಗಿ ಚಪ್ಪಾಳೆ ತಟ್ಟಿ, ಸೆರಗು ಸರಿಮಾಡಿಕೊಂಡು, ನನ್ನ ಕಡೆ ತಿರುಗಿ ಹೇಳಿದಳು:

“ಏನ್ ಓಡಿತ ಬೇ ಅದು. ನಾ ಬರೇ ಬಾಲ ಕಂಡೆ.”

ಕಿರೀಟ

ಕೊರಳಲ್ಲಿ ಕಾರ್ಡ್ ಇದ್ದರೆ ಯಾರೂ ತಡೆಯುವುದಿಲ್ಲ ಎಂದು ಕಾಕಾನಿಗೆ ಯಾರೋ ಹೇಳಿದರು. ಸವಣೂರಿನಲ್ಲಿ ಅವನ ಗೆಳೆಯನ ಫೋಟೋ ಸ್ಟುಡಿಯೋ ಇದೆ. ನಾನು ಅವರನ್ನು ಚಾಚಾ ಎನ್ನುತ್ತೇನೆ. ನನ್ನದೊಂದು ಫೋಟೋ ಕಳಿಸಿದೆವು, ಹೆಸರು, ಊರು, ವೆಬ್‌ಸೈಟ್ ಎಂದು ಸಾದಾ ಕಾರ್ಡ್ ಮಾಡಿಕೊಡಿ ಎಂದೆವು. ನಾವು ಯೋಚಿಸದೆ ಬಿಟ್ಟ ಸಂಗತಿಯೆಂದರೆ, ಚಾಚಾ ಹತ್ತು ವರ್ಷದಿಂದ ಮಾಡಿದ್ದು ಹೋರಿಗಳ ಫ್ಲೆಕ್ಸ್ ಮಾತ್ರ.

ಸವಣೂರಿನ ಸ್ಪರ್ಧೆಯ ದಿನ ಬೆಳಿಗ್ಗೆ ಕಾರ್ಡ್ ಕೈಗೆ ಬಂತು. ನಡುವೆ ನಾನು. ನನ್ನ ಹಿಂದೆ ಬೆಂಕಿ. ಬೆಂಕಿಯ ಮೇಲೆ ಸಿಡಿಲು. ಎಡಕ್ಕೊಂದು ಬಲಕ್ಕೊಂದು ಹುಲಿ. ತಲೆಯ ಮೇಲೆ ಕಿರೀಟ. ಕೆಳಗೆ ‘ಎದುರಾಳಿಗಳ ಎದೆ ನಡುಗಿಸುವ ಹಾನಗಲ್ಲಿನ ರಾಣಿ’ ಎಂದು ಬರೆದು, ಅದರ ಕೆಳಗೆ ಅಭಿಮಾನಿ ಬಳಗವೆಂದು ಕಾಕಾನ ಹೆಸರೊಂದೇ ಇತ್ತು. ಅಂಗಡಿಯವರ ಹತ್ತಿರ ಚಿಲ್ಲರೆ ಕೇಳಲೂ ನಾಚುವವಳು ನಾನು. ಚಾಚಾ ಮಾತ್ರ ಕಣ್ಣರಳಿಸಿ ನಿಂತಿದ್ದರು. “ದೇಖೋ ಬೇಟಿ, ಕಿರೀಟಕ್ಕ ಬ್ಯಾರೆ ಚಾರ್ಜ್ ಹಚ್ಚಿಲ್ಲ ನಾ,” ಎಂದರು. ಲ್ಯಾಮಿನೇಶನ್ ಮಾಡಿಕೊಡುವೆನೆಂದರು. ಆ ಕಾರ್ಡ್ ಬಹಳ ದಿನ ಬಾಳಬಾರದೆಂಬ ಆಸೆಯಿಂದ ನಾನು ಬೇಡವೆಂದೆ.

ಗೇಟಿನವನು ಕಾರ್ಡ್ ನೋಡಿದ್ದೇ, ಹೋರಿಯ ಮನೆಯವರು ಹಿಂದಿನ ದಾರಿಯಿಂದ ಎಂದು ಕೈ ತೋರಿಸಿದ. ಹಿಂದೆ ಹೋರಿಗಳನ್ನು ಕಟ್ಟುವ ಜಾಗ. ಹತ್ತಿಮತ್ತೂರಿನ ಕಡೆಯಿಂದ ಬಂದ ಒಬ್ಬ ಹೆಣ್ಣುಮಗಳು ತಮ್ಮ ಹೋರಿಯ ಕೋಡಿಗೆ ರಿಬ್ಬನ್ ಸುತ್ತುತ್ತಿದ್ದಳು. ನನ್ನನ್ನು ಕಂಡು, ಜರಾ ಹಗ್ಗ ಹಿಡಿ ತಂಗಿ, ಪಿನ್ನು ತರ್ತೇನಿ ಎಂದು ಹಗ್ಗ ಕೈಗಿಟ್ಟು ಹೋದಳು. ಒಲ್ಲೆ ಎನ್ನಲು ನನಗೆ ಬಾಯಿ ಬರಲಿಲ್ಲ. ಪಿನ್ನು ಹುಡುಕಲು ಆಕೆಗೆ ಒಂದು ತಾಸು ಬೇಕಾಯಿತು.

ಹೋರಿಯನ್ನು ಹತ್ತಿರದಿಂದ ನೋಡುವ ಆಸೆಯಿತ್ತಲ್ಲ, ನೋಡಿದೆ. ಆದರೆ ನಿಂತ ಹೋರಿಯನ್ನು. ಅಖಾಡದಲ್ಲಿ ಬೆಂಕಿಯಂತಿರುವ ಪ್ರಾಣಿ ಅಲ್ಲಿ ನಮ್ಮ ಪಕ್ಕದ ಮನೆಯ ಅಜ್ಜನಂತೆ ಕಣ್ಣು ಅರ್ಧ ಮುಚ್ಚಿ ನಿಂತಿತ್ತು. ನನ್ನ ಭುಜ ಮೂಸಿತು. ಕೊರಳು ಮೂಸಿತು. ಆಮೇಲೆ ಅವಸರವಿಲ್ಲದೆ ನನ್ನ ಕಾರ್ಡನ್ನು ಬಾಯಿಗೆ ಹಾಕಿಕೊಂಡು, ಹುಲಿ, ಸಿಡಿಲು, ಕಿರೀಟ ಎಲ್ಲವನ್ನೂ ಅಗಿದು ನುಂಗಿತು. ದಾರ ಮಾತ್ರ ಉಳಿಯಿತು.

ಸಂಜೆ ನಡೆದದ್ದನ್ನೆಲ್ಲ ಚಾಚಾ ಅವರಿಗೆ ಹೇಳಿದೆ. ಅವರು ಸವಣೂರು ಖಾರದ ಪುಡಿಕೆಯನ್ನು ತಿನ್ನಲು ನನ್ನ ಮುಂದೆ ಸರಿಸಿ, ಒಂದೇ ಮಾತು ಕೇಳಿದರು:

“ಹೋರಿಗೆ ಪಸಂದ್ ಆತಲ್ಲ, ಬೇಟಿ?”

ಯೋಚನೆ

ಹಿರೇಕೆರೂರು ಕಡೆಯ ಕಮಿಟಿಯಲ್ಲಿ ಮಾತ್ರ ನಮ್ಮ ವೆಬ್‌ಸೈಟ್ ಓದುವ ಒಬ್ಬರು ಸಿಕ್ಕರು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅವರಿಗೆ ಸಂತೋಷವಾಗಿರಲಿಲ್ಲ. ಹಿಂದಿನ ವರ್ಷ ಅಬಲೂರು ಹತ್ತಿರದ ಸ್ಪರ್ಧೆಯಲ್ಲಿ ಅವರ ಹೋರಿ ಅಖಾಡದ ನಡುವೆ ಗಕ್ಕನೆ ನಿಂತುಬಿಟ್ಟಿತು ಎಂದು ನಾನು ಬರೆದಿದ್ದೆ. ಆ ಸಾಲನ್ನು ಅವರು ಫೋನಿನಲ್ಲಿ ಉಳಿಸಿಕೊಂಡಿದ್ದರು. ಅದನ್ನು ತಿದ್ದಿದರೆ ಪಾಸಿನ ಮಾತು ಎಂದರು. ನಿಂತದ್ದನ್ನು ಊರೆಲ್ಲ ನೋಡಿದೆಯಲ್ಲ ಎಂದು ಕಾಕಾ ವಾದಿಸಿದ.

“ನಿಂತಿಲ್ರಿ ಅದು,” ಎಂದರು ಅವರು, ಬಹಳ ನೊಂದು. “ಯೋಚನಿ ಮಾಡಾಕತ್ತಿತ್ತು.”

ಒಂದು ಪ್ರಾಣಿಯ ಮನಸ್ಸಿನಲ್ಲಿ ಏನಿತ್ತೆಂದು ನಾನು ಹೇಗೆ ಹೇಳಲಿ. ಅಲ್ಲೇ ಕುಳಿತು ಫೋನಿನಲ್ಲಿ ತಿದ್ದುಪಡಿ ಹಾಕಿದೆ, ಹೋರಿ ನಿಂತಿರಲಿಲ್ಲ, ಯೋಚಿಸುತ್ತಿತ್ತು ಎಂದು ಮಾಲೀಕರು ತಿಳಿಸಿದ್ದಾರೆ. ಅವರು ಓದಿ, ಕಣ್ಣೊರೆಸಿಕೊಂಡು, ಒಳಗೆ ಹೋಗಿ ವಿಚಾರಿಸಿ ಬಂದರು. ಪಾಸುಗಳು ಮುಗಿದಿದ್ದವು. ಚಹಾ ಕುಡಿಸಿದರು.

ಆ ವಾರ ನಮಗೆ ಹನ್ನೊಂದು ಜನ ಮಾಲೀಕರ ಫೋನ್ ಬಂತು. ಅಖಾಡದಲ್ಲಿ ನಿಂತ ಹತ್ತು ಹೋರಿಗಳು ಯೋಚಿಸುತ್ತಿದ್ದವಂತೆ. ಒಬ್ಬ ಮಾಲೀಕ ಮಾತ್ರ ಪ್ರಾಮಾಣಿಕ. ತಮ್ಮ ಹೋರಿ ಹೆದರಿಯೇ ನಿಂತದ್ದು, ದಯಮಾಡಿ ಯೋಚಿಸಿತೆಂದು ಬರೆಯಬೇಡಿ, ಅದಕ್ಕೆ ಮೊದಲೇ ಬಹಳ ಸೊಕ್ಕು ಎಂದ.

ಹಳದಿ ಪಾಸ್

ಋತುವಿನ ಕೊನೆಗೆ ಮತ್ತೆ ಹಾನಗಲ್ಲು, ಮತ್ತೆ ಎರಡು ದಿನ, ಮತ್ತೆ ಅದೇ ಹೆಡ್ಮಾಸ್ತರು. ಈ ಸಲ ನಾನು ಅರ್ಜಿ ಬರೆಯಲಿಲ್ಲ. ಅವರೇ ಕರೆಸಿದರು. ಮೇಜಿನ ಮೇಲೆ ನಾನು ವರ್ಷವಿಡೀ ಬರೆದ ವರದಿಗಳ ಪ್ರಿಂಟುಗಳಿದ್ದವು. ಎಲ್ಲದರ ಮೇಲೂ ಕೆಂಪು ಶಾಯಿ. ಒಂದೊಂದಕ್ಕೂ ಹತ್ತಕ್ಕೆ ಇಷ್ಟೆಂದು ಅಂಕ. ಐದರ ಮೇಲೆ ಒಂದೂ ಹೋಗಿರಲಿಲ್ಲ.

“ಬರವಣಿಗಿ ಸುಮಾರ ಐತಿ,” ಎಂದರು. “ಆದ್ರ ಎಲ್ಲಾದರಾಗೂ ಧೂಳು, ಎಲ್ಲಾದರಾಗೂ ಆಕಾಶ. ಹೋರಿ ಎಲ್ಲೈತಿ?”

ನಾನು ತಲೆ ತಗ್ಗಿಸಿ, ಮಾಳಿಗೆಯ ಮೇಲಿಂದ ಅಷ್ಟೇ ಕಾಣುತ್ತದೆ ಸರ್ ಎಂದೆ. ಅವರಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಡ್ರಾಯರ್ ತೆರೆದು ಹಳದಿ ಕಾರ್ಡೊಂದಕ್ಕೆ ಸಹಿ ಹಾಕಿ, ಈ ಸಲ ನೋಡಿ ಬರಿ ಎಂದು ಕೈಗಿಟ್ಟರು. ದಾರಿಯುದ್ದಕ್ಕೂ ಅದನ್ನು ಓದಿಕೊಂಡು ಬಂದೆ. ಅದರಲ್ಲಿ ಇದ್ದದ್ದು ‘ಪತ್ರಕರ್ತರು’ ಎಂಬ ಒಂದೇ ಶಬ್ದ.

ಪ್ರೆಸ್ ಗ್ಯಾಲರಿ ಎಂದರೆ ಜಮಖಾನ ಹಾಸಿದ ಒಂದು ಟ್ರ್ಯಾಕ್ಟರ್ ಟ್ರಾಲಿ, ಅದರ ಮೇಲೆ ನಾಲ್ಕು ಪ್ಲಾಸ್ಟಿಕ್ ಕುರ್ಚಿ. ಅಖಾಡ ಮುಗಿದು ಹೋರಿಗಳು ಬಯಲಿಗೆ ಬೀಳುವ ತುದಿಯಲ್ಲಿ ನಿಲ್ಲಿಸಿದ್ದರು. ಪೇಪರಿನವರಿಬ್ಬರು, ಕೇಬಲ್ ಚಾನೆಲ್ಲಿನವರೊಬ್ಬರು ಆಗಲೇ ಕುಳಿತಿದ್ದರು. ನಾನು ಹಿಂದಿನ ಕುರ್ಚಿಯ ತುದಿಯಲ್ಲಿ ಕುಳಿತೆ. ಪೇಪರಿನ ಹಿರಿಯರು, ನಾವು ದಿನಾ ನೋಡ್ತೇವಿ ತಂಗಿ, ನೀ ಮುಂದ ಬಾ ಎಂದು ಜಾಗ ಬಿಟ್ಟರು. ಕಾಕಾ ತನ್ನ ಫೋನನ್ನು ಲೈವ್ ಹಚ್ಚಿ ನನ್ನ ಕೈಗೆ ಕೊಟ್ಟು, ಇವತ್ತಾದರೂ ಆಕಾಶ ಬಿಟ್ಟು ಬೇರೆ ತೋರಿಸೋಣ ಎಂದು ಕೆಳಗಿಳಿದ. ಎದುರಿನ ಬೀಗರ ಮಾಳಿಗೆಯ ಮೇಲೆ ಅವ್ವ ಕುಳಿತಿದ್ದಳು. ಮದುವೆಯಾಗಿ ಬಂದಾಗಿನಿಂದ ಪ್ರತಿ ವರ್ಷ ಅದೇ ಜಾಗ, ಅದೇ ಧೂಳು.

ಮೊದಲ ಹೋರಿ ಬಂತು. ಗೆಜ್ಜೆಯ ಸದ್ದು ಮೊದಲು, ಆಮೇಲೆ ನೆಲದ ನಡುಕ, ಆಮೇಲೆ ಅದು. ಕಣ್ಣು ಕಂಡಿತು. ಸಿಟ್ಟಿನದಲ್ಲ, ಶಾಲೆ ಬಿಟ್ಟ ಕೂಡಲೇ ಮಕ್ಕಳಿಗೆ ಇರುತ್ತದಲ್ಲ, ಆ ಕಣ್ಣು.

ಇನ್ನೊಂದನ್ನೂ ನಾನು ಗಮನಿಸಿದ್ದೆ, ಹೇಳಲು ಸಂಕೋಚವಾಗಿ ಸುಮ್ಮನಿದ್ದೆ. ನಮ್ಮ ಟ್ರ್ಯಾಕ್ಟರಿನ ಡ್ರೈವರ್ ಬಿಳಿ ಅಂಗಿ ಹಾಕಿದ್ದರೂ ಒಳಗಿನಿಂದ ಹಸಿರು ಕಾಲರ್ ಇಣುಕುತ್ತಿತ್ತು. ತಿಳವಳ್ಳಿ ಕಡೆಯ ಒಂದು ಹೋರಿಯ ಬಳಗದ ಬಣ್ಣ ಅದು. ಆ ಹೋರಿಯ ಗುಣವೆಂದರೆ, ಅಖಾಡ ದಾಟಿದ ಮೇಲೂ ನಿಲ್ಲುವುದಿಲ್ಲ, ನಾಲ್ಕು ಹೊಲ ದಾಟಿಯೇ ನಿಲ್ಲುವುದು. ಪ್ರತಿ ವರ್ಷ ಅದರ ಹಿಂದೆ ಹೋಗಿ ಹಿಡಿದು ತರುವುದು ಇದೇ ಡ್ರೈವರನ ಕೆಲಸ, ಇದೇ ಟ್ರ್ಯಾಕ್ಟರಿನಲ್ಲಿ. ಇದು ನಮಗೆ ಆಮೇಲೆ ತಿಳಿದದ್ದು.

ಮೈಕಿನಲ್ಲಿ ಹಸಿರು ಹೋರಿಯ ಹೆಸರು ಕೂಗಿದರು. ಡ್ರೈವರ್ ಸೀಟಿನ ಮೇಲೆ ಎದ್ದು ನಿಂತ. ಹೋರಿ ಪೈಲ್ವಾನರನ್ನೆಲ್ಲ ಎಡಕ್ಕೆ ಬಲಕ್ಕೆ ಬಿಟ್ಟು, ಒಂದು ಕೊಬ್ಬರಿಯೂ ಹೋಗದಂತೆ ಬಾಣದ ಹಾಗೆ ನಮ್ಮ ಪಕ್ಕದಿಂದ ಬಯಲಿಗೆ ಹಾರಿತು. ಡ್ರೈವರ್ ದೊಪ್ಪನೆ ಕುಳಿತು ಚಾವಿ ತಿರುವಿದ. ಇಡೀ ಪ್ರೆಸ್ ಗ್ಯಾಲರಿ ಹೋರಿಯ ಹಿಂದೆ ಹೊರಟಿತು.

ಕುರ್ಚಿಗಳು ಹಿಂದಕ್ಕೆ ಬಿದ್ದವು. ಕುರ್ಚಿಗಳಲ್ಲಿದ್ದವರು ಜಮಖಾನದ ಮೇಲೆ ಬಿದ್ದರು. ಪೇಪರಿನ ಹಿರಿಯರು ನೆನಪಿದ್ದ ದೇವರನ್ನೆಲ್ಲ ಕರೆಯುತ್ತಿದ್ದರು, ಇನ್ನೊಬ್ಬರು ನಿಲ್ಲಿಸೆಂದು ಕೂಗುತ್ತಿದ್ದರು, ಟ್ರ್ಯಾಕ್ಟರಿನ ಸದ್ದಿನಲ್ಲಿ ಡ್ರೈವರನಿಗೆ ಎರಡೂ ಕೇಳಲಿಲ್ಲ. ನಾನು ಮುಂದಿನ ಕಂಬಿ ಹಿಡಿದು ನಿಂತಿದ್ದೆ. ಕೊಯ್ದ ಗೋವಿನಜೋಳದ ಹೊಲದಲ್ಲಿ ಟ್ರಾಲಿ ಹಾರುತ್ತಿತ್ತು, ಪಕ್ಕದಲ್ಲಿ ಮಾರು ದೂರದಲ್ಲಿ ಹೋರಿ ಓಡುತ್ತಿತ್ತು. ಆಗ ಯಾರೋ “ನಿಂದ್ರಬ್ಯಾಡ, ಓಡು, ಓಡು” ಎಂದು ಎರಡು ಓಣಿಗೆ ಕೇಳುವಂತೆ ಕೂಗುವುದು ಕೇಳಿಸಿತು. ಅದು ನಾನೇ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಫೋನಿನಲ್ಲಿ ಲೈವ್ ಹೋಗುತ್ತಲೇ ಇತ್ತು.

ನಾಲ್ಕನೆಯ ಹೊಲದ ಬೋರ್‌ವೆಲ್ ತೊಟ್ಟಿಯ ಹತ್ತಿರ ಹೋರಿ ತಾನಾಗಿಯೇ ನಿಂತು ನೀರು ಕುಡಿಯತೊಡಗಿತು. ಡ್ರೈವರ್ ಇಳಿದು ಅದರ ಮೈ ಸವರಿ, ಮುದ್ದು ಮಾಡಿ, ಹಗ್ಗ ತೆಗೆದುಕೊಳ್ಳಲು ಟ್ರಾಲಿಯ ಕಡೆ ತಿರುಗಿದ. ಜಮಖಾನದಲ್ಲಿ ಸುತ್ತಿಕೊಂಡ ಮೂವರನ್ನೂ ನನ್ನನ್ನೂ ಒಮ್ಮೆ ನೋಡಿದ.

“ನೀವ್ಯಾವಾಗ ಬಂದ್ರಿ?”

ಹೋರಿಯನ್ನು ಟ್ರಾಲಿಯ ಹಿಂದೆ ಕಟ್ಟಿಕೊಂಡು ಮೆಲ್ಲಗೆ ವಾಪಸ್ ಬರುವಷ್ಟರಲ್ಲಿ ಇಪ್ಪತ್ತು ಹೋರಿ ಓಡಿ ಮುಗಿದಿದ್ದವು. ಗ್ಯಾಲರಿ ಇದ್ದ ಖಾಲಿ ಜಾಗದಲ್ಲಿ ಹೆಡ್ಮಾಸ್ತರು ಒಬ್ಬರೇ ನಿಂತಿದ್ದರು. ಕೈ ಚಾಚಿದರು. ಪಾಸ್ ಕೊಟ್ಟೆ. ಅದರ ಹಿಂದೆ ಕೆಂಪು ಪೆನ್ನಿನಲ್ಲಿ ಬರೆದರು: ‘ಅನುಮತಿ ಇಲ್ಲದೆ ಗ್ಯಾಲರಿ ಸಮೇತ ಹೊರಗೆ ಹೋಗಿದ್ದಾಳೆ. ನಾಳೆ ಪಾಲಕರನ್ನು ಕರೆತರತಕ್ಕದ್ದು.’

ಕಾಕಾ ಅದನ್ನು ಓದಿ, ತನಗೆ ಗಿರಣಿಯಲ್ಲಿ ಬಹಳ ಕೆಲಸವಿದೆ ಎಂದ. ಅಪ್ಪ ಎಂದಿನಂತೆ ಡ್ಯೂಟಿಯ ಮೇಲೆ. ಉಳಿದವಳು ಅವ್ವ. ಆಕೆ ಮಾಳಿಗೆಯ ಮೇಲಿಂದ ಎಲ್ಲ ನೋಡಿದ್ದಳು, ಫೋನಿನಲ್ಲಿ ನನ್ನ ದನಿಯನ್ನೂ ಕೇಳಿದ್ದಳು. ಇನ್ನು ಬೈಗುಳವೆಂದು ಕಾದೆ. ಅವ್ವ ರೊಟ್ಟಿ ಬಡಿಯುತ್ತಾ, ತಲೆ ಎತ್ತದೆ, ಹತ್ತಿರದಿಂದ ಹೆಂಗ ಕಾಣತೈತಿ ಬೇ ಎಂದು ಕೇಳಿದಳು. ನಾನು ಹೇಳುತ್ತಾ ಹೋದೆ. ಒಂದು ರೊಟ್ಟಿ ಸೀದುಹೋಯಿತು.

ಮರುದಿನ ಅವ್ವ ಹೊಸ ಇಳಕಲ್ ಸೀರೆ ಉಟ್ಟು ನನ್ನ ಜೊತೆ ಬಂದಳು. ಹೆಡ್ಮಾಸ್ತರು ಶಿಸ್ತಿನ ಬಗ್ಗೆ ಹತ್ತು ನಿಮಿಷ ಮಾತಾಡಿದರು. ಅವ್ವ ಎಲ್ಲದಕ್ಕೂ ಹೌದ್ರಿ ಸರ್ ಎನ್ನುತ್ತಾ ಕೇಳಿದಳು. ಅವರು ಮುಗಿಸಿದ ಮೇಲೆ ಹೇಳಿದಳು:

“ಆಕಿ ಮತ್ತ ಎಲ್ಲೂ ಹೋಗದಂಗ ನಾ ಬಾಜೂಕ ಕುಂತು ಕಾಯ್ತೇನ್ರಿ, ಸರ್.”

ಹೆಡ್ಮಾಸ್ತರು ಪೆನ್ನಿನ ಮುಚ್ಚಳ ತೆಗೆದರು. ಪಾಲಕರು ಅಷ್ಟು ಜವಾಬ್ದಾರಿ ತೋರಿಸಿದ್ದನ್ನು ಅವರು ತಮ್ಮ ಸರ್ವಿಸಿನಲ್ಲೇ ಕಂಡಿರಲಿಲ್ಲವಂತೆ. ಇನ್ನೊಂದು ಹಳದಿ ಕಾರ್ಡ್ ತೆಗೆದು, ‘ಪತ್ರಕರ್ತರು’ ಎಂಬುದನ್ನು ಹೊಡೆದುಹಾಕಿ, ಮೇಲೆ ಕೆಂಪಗೆ ‘ಪಾಲಕರು’ ಎಂದು ಬರೆದುಕೊಟ್ಟರು.

ಅವ್ವ ಅದನ್ನು ತಾಳಿಯ ಪಕ್ಕಕ್ಕೆ ಸರಿಯಾಗಿ ಇಳಿಬಿಟ್ಟುಕೊಂಡು ಟ್ರಾಲಿ ಹತ್ತಿದಳು. ಪೇಪರಿನವರು ಈ ಸಲ ಕುರ್ಚಿ ಬಿಟ್ಟು ಮೊದಲೇ ಜಮಖಾನದ ಮೇಲೆ ಕುಳಿತಿದ್ದರು. ಡ್ರೈವರ್ ಅಂಗಿ ಬಿಚ್ಚಿಟ್ಟು ಹಸಿರು ಟೀಶರ್ಟಿನಲ್ಲೇ ಬಂದಿದ್ದ. ಮಧ್ಯಾಹ್ನದ ಹೊತ್ತಿಗೆ ಮೈಕಿನಲ್ಲಿ ಮತ್ತೆ ಹಸಿರು ಹೋರಿಯ ಹೆಸರು ಕೂಗಿದರು. ನನ್ನನ್ನು ಕಾಯಲು ಬಂದಿದ್ದ ಅವ್ವ ಎದ್ದು, ಸೆರಗನ್ನು ನಡುವಿಗೆ ಸಿಕ್ಕಿಸಿ, ಎರಡೂ ಕೈಯಿಂದ ಕಂಬಿ ಹಿಡಿದು, ಡ್ರೈವರನ ಕಡೆ ಬಗ್ಗಿದಳು.

“ಯಪ್ಪಾ, ನಿನ್ನೆ ನಾ ಮಾಳಿಗಿ ಮ್ಯಾಲಿಂದ ನೋಡೇನಿ, ಭಾಳ ಸಾವಕಾಶ ಹೊಂಟಿದ್ದಿ. ಇವತ್ತ ಜರಾ ಜೋರ ಹೊಡಿ.”